ಕಾಂಬ್ರಿಲ್ಸ್ ಬಾಗಿಲಿನ ಬರಿಗೈ ಜನ

ಡೆಟ್ರಾಯಿಟ್ ಹತ್ತಿರದ ಕ್ಯಾಂಟನ್ನಿನ ಕನ್ನಡ ಮನೆಗಳಲ್ಲಿ ದಾನಪ್ಪನವರನ್ನು ‘ಸೈನ್ಯದ ಅಂಕಲ್’ ಎಂದೇ ಕರೆಯುತ್ತಿದ್ದರು. ಸೈನ್ಯಕ್ಕೂ ಅವರಿಗೂ ಎಲ್ಲಿಯ ಸಂಬಂಧ! ಮುಧೋಳದ ಕಡೆಯ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಡೆಟ್ರಾಯಿಟ್ ಹೊರವಲಯದ ಕಾರ್ಖಾನೆಯೊಂದರಲ್ಲಿ ಕಾರಿನ ಬಾಗಿಲು ಒತ್ತುವ ಅಚ್ಚುಗಳ ಡ್ರಾಯಿಂಗ್ ಮಾಡುತ್ತ ಮಾಡುತ್ತ ತಲೆ ಬೆಳ್ಳಗೆ ಮಾಡಿಕೊಂಡ ಮನುಷ್ಯ. ಜೋರಾಗಿ ಮಾತಾಡಿದ್ದನ್ನು ಕೇಳಿದವರಿಲ್ಲ. ಆದರೆ ಅವರ ಗ್ಯಾರೇಜಿಗೆ ಹೋಗಿ ನೋಡಿ, ಕಾರು ನಿಲ್ಲಿಸಲು ಜಾಗವೇ ಇಲ್ಲ. ಉದ್ದನೆಯ ಮೇಜಿನ ತುಂಬ ಹೆಬ್ಬೆರಳೆತ್ತರದ ಸೀಸದ ಸೈನಿಕರು, ಕುದುರೆಗಳು, ಫಿರಂಗಿಗಳು, ಒಂದು ಪುಟ್ಟ ಕೋಟೆಗೋಡೆ. ಎಲ್ಲಕ್ಕೂ ಅವರೇ ಬಣ್ಣ ಬಳಿದಿದ್ದು.

ಈ ಹುಚ್ಚು ಹಿಡಿಸಿದವನು ಜೋರ್ಡಿ. ಅದೇ ಕಾರ್ಖಾನೆಯಲ್ಲಿ ಅಚ್ಚು ತಯಾರಿಸುವ ಕೆಲಸಗಾರ. ಕ್ಯಾಟಲೋನಿಯಾದ ಕಾಂಬ್ರಿಲ್ಸ್ ಎಂಬ ಕಡಲ ದಂಡೆಯ ಊರಿನವನು. ‘ಹಾಗಾದರೆ ಸ್ಪೇನಿನವನು ಅನ್ನಿ’ ಎಂದು ದಾನಪ್ಪ ಮೊದಲ ದಿನವೇ ಅಂದುಬಿಟ್ಟರು. ಜೋರ್ಡಿ ಊಟದ ಡಬ್ಬಿ ಮುಚ್ಚಿಕೊಂಡು ಎದ್ದು ಹೋದ. ಮರುದಿನ ತಾನಾಗಿಯೇ ಬಂದು ಎದುರು ಕೂತು ಕಾರಣ ಹೇಳಿದ.

1640ರಲ್ಲಿ ಸ್ಪೇನಿನ ರಾಜ ತನ್ನ ದಂಡನ್ನು ಕ್ಯಾಟಲನ್ ರೈತರ ಮನೆಗಳಲ್ಲಿ ಇಳಿಸಿದ್ದ. ಅವರನ್ನು ಸಾಕಿ ಸಾಕಾಗಿ ಕೊಯ್ಲಿನ ಜನ ಕುಡಗೋಲು ಹಿಡಿದು ಬಂಡೆದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ರಾಜನ ದೊಡ್ಡ ಸೈನ್ಯ ಬಂದು ಕಾಂಬ್ರಿಲ್ಸಿಗೆ ಮುತ್ತಿಗೆ ಹಾಕಿತು. ಒಳಗಿದ್ದವರು ಕೈಲಾದಷ್ಟು ದಿನ ಹೊಡೆದಾಡಿ, ಕೊನೆಗೆ ಶರಣಾದರು. ಆಯುಧ ಬಿಟ್ಟು ಕೋಟೆ ಬಾಗಿಲಿನಿಂದ ಹೊರಗೆ ಬರುವಾಗ ಸೈನಿಕನೊಬ್ಬ ಯಾರದೋ ಹೆಗಲ ಮೇಲಿನ ಕಂಬಳಿ ಕಿತ್ತುಕೊಳ್ಳಲು ಹೋದನಂತೆ, ಆ ಮನುಷ್ಯ ಬಿಡಲಿಲ್ಲವಂತೆ. ಅಷ್ಟೇ ನೆಪ ಸಾಕಾಯಿತು. ಬರಿಗೈಯ ನೂರಾರು ಜನರನ್ನು ಕಡಿದು ಹಾಕಿದರು.

ಕೇಳಿ ದಾನಪ್ಪ ತಿನ್ನುತ್ತಿದ್ದ ಚಪಾತಿಯನ್ನು ಡಬ್ಬಿಗೆ ವಾಪಸ್ಸು ಇಟ್ಟರು. ಅವರ ಊರಿಗೆ ಹಲಗಲಿ ಹತ್ತಿರವೇ. ಬ್ರಿಟಿಷರು ಆಯುಧ ಒಪ್ಪಿಸಿ ಎಂದಾಗ ಒಪ್ಪಿಸುವುದಿಲ್ಲ ಎಂದು ನಿಂತ ಬೇಡರ ಊರು ಅದು. ಊರಿಗೆ ಬೆಂಕಿ ಬಿದ್ದದ್ದು, ಜನರನ್ನು ನೇಣಿಗೆ ಹಾಕಿದ್ದು, ಇದನ್ನೆಲ್ಲ ಅಜ್ಜನ ಬಾಯಲ್ಲಿ ಕೇಳಿ ಬೆಳೆದವರು ಅವರು.

“ನಮ್ಮವರು ಆಯುಧ ಕೊಡಲಿಲ್ಲ, ಸತ್ತರು. ನಿಮ್ಮವರು ಕೊಟ್ಟರು, ಆದರೂ ಸತ್ತರು,” ಎಂದರು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ. ಆದರೆ ಆ ಮಾತು ಜೋರ್ಡಿಗೆ ಸರಿಯಾಗಿಯೇ ತಲುಪಿತು. ಅಂದಿನಿಂದ ಇಬ್ಬರೂ ಒಂದೇ ಮೇಜಿನಲ್ಲಿ ಊಟ ಮಾಡಿದರು.

ಜೋರ್ಡಿಗೆ ಯುದ್ಧದ ಆಟದ ಚಟ ಇತ್ತು. ಮೇಜಿನ ಮೇಲೆ ಸೈನ್ಯ ಹೂಡಿ, ಡೈಸ್ ಉರುಳಿಸಿ, ದಪ್ಪನೆಯ ರೂಲ್ ಪುಸ್ತಕ ಇಟ್ಟುಕೊಂಡು ಆಡುವ ಆಟ. ವರ್ಷಕ್ಕೊಮ್ಮೆ ಇಬ್ಬರೂ ಐ-94 ಹೆದ್ದಾರಿ ಹಿಡಿದು ಇಟಾಸ್ಕಾ ಎಂಬ ಊರಿನ ಹೋಟೆಲಿನಲ್ಲಿ ನಡೆಯುವ ಇಂಥ ಆಟಗಾರರ ಕೂಟಕ್ಕೆ ಹೋಗುತ್ತಿದ್ದರು. ಅಲ್ಲೂ ಕಾಂಬ್ರಿಲ್ಸ್, ಗ್ಯಾರೇಜಿನಲ್ಲೂ ಕಾಂಬ್ರಿಲ್ಸ್. ದಾನಪ್ಪ ಯಾವಾಗಲೂ ರಾಜನ ದಂಡು, ಜೋರ್ಡಿ ಊರಿನವರು. ಊರು ಶರಣಾಗುತ್ತಲೇ ಜೋರ್ಡಿ ಡೈಸ್ ಎತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಬಾಗಿಲಿನ ಹೊರಗೆ ನಡೆದದ್ದನ್ನು ಅವರು ಒಮ್ಮೆಯೂ ಆಡಿರಲಿಲ್ಲ.

ಈ ಬೇಸಿಗೆಯಲ್ಲಿ ಜೋರ್ಡಿಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಎಂದರು. ಆನ್ ಆರ್ಬರಿನ ಡಾಕ್ಟರುಗಳು ಮಾಡುವುದನ್ನೆಲ್ಲ ಮಾಡಿ, ಇನ್ನು ನೋವಾಗದಂತೆ ನೋಡಿಕೊಳ್ಳುವುದಷ್ಟೇ ಉಳಿದಿದೆ ಎಂದು ಕೈ ಚೆಲ್ಲಿದರು. ಅಂಥವರನ್ನು ಕೊನೆಯವರೆಗೆ ನೋಡಿಕೊಳ್ಳುವ ಊರಾಚೆಯ ಒಂದು ಹಾಸ್ಪಿಸಿಗೆ ಅವನನ್ನು ಸೇರಿಸಿದರು. ದಾನಪ್ಪ ಹೋದಾಗ ಅವನು ಒಂದೇ ಮಾತು ಕೇಳಿದ.

“ಈ ಸಲ ಬಾಗಿಲ ಹೊರಗಿನದ್ದನ್ನೂ ಆಡೋಣ. ಒಂದೇ ಒಂದು ಸಲ ನಮ್ಮವರು ಜೀವಂತ ಹೋಗೋದನ್ನ ನೋಡಬೇಕು.”

“ನೋಡೋಣ. ನನ್ನ ದಂಡನ್ನ ನಾನು ಹಿಡಿದು ನಿಲ್ಲಿಸ್ತೀನಿ.”

“ಅದೇ ಬೇಡ ಅನ್ನೋದು!” ಜೋರ್ಡಿ ಸಿಟ್ಟಾದ. “ನೀನು ಕರುಣೆ ತೋರಿಸಿ ಬಿಟ್ಟರೆ ಅದು ಆಟ ಅಲ್ಲ, ನನ್ನ ಬಾಯಿಗೆ ಮಿಠಾಯಿ ಇಟ್ಟ ಹಾಗೆ. ಡೈಸ್ ಹಾಕು. ರೂಲ್ ಪ್ರಕಾರ ಉಳಿದರೆ ಉಳೀಲಿ.”

ದಾನಪ್ಪ ಒಪ್ಪಿದರು. ಖಂಡೆ ಪೂಜೆಯ, ಅಂದರೆ ದಸರೆಯ ಆಯುಧಪೂಜೆಯ ಮರುದಿನ, ಬನ್ನಿ ಹಬ್ಬದಂದು ಆಟ ಎಂದು ನಿಗದಿಯಾಯಿತು. ಶರಣಾದ ಜನರ ಗೊಂಬೆಗಳು ಅವರ ಬಳಿ ಇರಲಿಲ್ಲ. ಹಳೆಯ ಸೈನಿಕರನ್ನೇ ತೆಗೆದುಕೊಂಡು, ಅರ ಹಿಡಿದು ಒಬ್ಬೊಬ್ಬರ ಕೈಯಿಂದಲೂ ಬಂದೂಕು, ಕುಡಗೋಲು ಉಜ್ಜಿ ತೆಗೆದರು. ಹೆಗಲಿಗೆ ಅಂಟಿನ ಮುದ್ದೆಯ ಕಂಬಳಿ ಹೊದಿಸಿ ಹೊಸ ಬಣ್ಣ ಬಳಿದರು, ಕೆಲವರಿಗೆ ಬಿಳಿ ಗಡ್ಡವನ್ನೂ ಬರೆದರು. ಡೈಸ್ ಯಾವ ಕಡೆ ಬೀಳುತ್ತದೋ ಎಂಬ ಭಯ ದಾನಪ್ಪನವರಿಗೆ. ಗೆಳೆಯನ ಕೊನೆಯ ಆಸೆಯನ್ನು ತನ್ನ ಕೈಯಾರೆ ಕೊಲ್ಲಬೇಕಾಗಿ ಬಂದರೆ? ಈ ಯೋಚನೆ ಅವರನ್ನು ತಿಂದುಹಾಕುತ್ತಿತ್ತು.

ಖಂಡೆ ಪೂಜೆಯ ದಿನ ಬಂತು. ಅವರ ಹೆಂಡತಿ ನೀಲಗಂಗಾ ಆ ದಿನದ ಮಟ್ಟಿಗೆ ಮನೆಯ ಸರ್ವಾಧಿಕಾರಿ. ಈಳಿಗೆ, ಚಾಕು, ಡ್ರಿಲ್, ದಾನಪ್ಪನವರ ಹಳೆಯ ಮೈಕ್ರೋಮೀಟರ್ ಎಲ್ಲ ಮಣೆ ಏರುತ್ತವೆ. ಆಯುಧ ಹಿಡಿದವರು ತಾನೇ ಎಂದು ಸೀಸದ ಸೈನಿಕರೂ, ಯುದ್ಧದ ಸಾಮಾನು ಎಂದು ಡೈಸೂ ಏರುತ್ತವೆ. ಅರಿಸಿನ, ಕುಂಕುಮ, ಚೆಂಡುಹೂ. ಪೂಜೆಯಾದ ಮೇಲೆ ಮರುದಿನ ನೀಲಗಂಗಾ ಮಣೆ ಕದಲಿಸುವವರೆಗೆ ಯಾರೂ ಮುಟ್ಟುವಂತಿಲ್ಲ. ಮಗ ಸೋಮು ಸಣ್ಣವನಿದ್ದಾಗ ಮಣೆಯ ಮೇಲಿನ ಚಾಕು ಎತ್ತಿ ಕೈ ಕೊಯ್ದುಕೊಂಡಿದ್ದ. ಅಲ್ಲಿಂದಾಚೆ ಕಾನೂನು ಇನ್ನೂ ಬಿಗಿ. ಕಾರಿಗೆ ಮಾತ್ರ ವಿನಾಯಿತಿ. ಈ ದೇಶದಲ್ಲಿ ಕಾರಿಲ್ಲದೆ ಹಾಲು ತರಲೂ ಆಗುವುದಿಲ್ಲವಲ್ಲ!

ಮಂಗಳಾರತಿ ಮುಗಿದು ಊಟಕ್ಕೆ ಕೂರುವಷ್ಟರಲ್ಲಿ ಜೋರ್ಡಿಯ ಮಗಳು ಮಾರ್ತಾಳ ಫೋನ್ ಬಂತು. ಅಪ್ಪನಿಗೆ ನೋವು ಜಾಸ್ತಿಯಾಗಿದೆ, ಔಷಧ ಏರಿಸುತ್ತಾರಂತೆ, ನಾಳೆ ಎಚ್ಚರ ಇರುತ್ತದೋ ಇಲ್ಲವೋ, ಇವತ್ತೇ ಬನ್ನಿ.

ದಾನಪ್ಪ ಎದ್ದವರೇ ಮಣೆಯ ಕಡೆಗೆ ಕೈ ಚಾಚಿದರು.

“ಏನ್ರೀ! ಪೂಜಿಗೆ ಇಟ್ಟಿದ್ದು. ಎತ್ತಬ್ಯಾಡ್ರಿ!”

“ಜೋರ್ಡಿ ಸಾಯಾಕ ಹತ್ಯಾನ, ನೀಲಾ. ನಾಳೆ ತನಕ ತಡಿ ಅಂತ ಅಂವಗ ಹೆಂಗ ಹೇಳ್ಲಿ?”

“ಸಾಯೋ ಮನುಷ್ಯಾನ ಮುಂದನ ಕೆಟ್ಟದ್ದು ಮಾಡ್ತೀರೇನು? ಆಯುಧ ಇವತ್ತು ತಾಯಿ ಮುಂದ ಕುಂತಾವ. ನಾ ಎತ್ತಗೊಡಂಗಿಲ್ಲ.”

ದಾನಪ್ಪ ಜೀವಮಾನದಲ್ಲಿ ಮೊದಲ ಸಲ ಹೆಂಡತಿಯ ಮೇಲೆ ಕೂಗಾಡಿದರು. ನಿನ್ನ ಕಾನೂನಿಗೆ ಬೆಂಕಿ ಹಚ್ಚು ಎಂದರು. ನೀಲಗಂಗಾ ಕಣ್ಣು ಒರೆಸಿಕೊಂಡರೇ ಹೊರತು ಮಣೆ ಬಿಟ್ಟು ಸರಿಯಲಿಲ್ಲ. ಆಮೇಲೆ ಏನೋ ಹೊಳೆದವರಂತೆ ಗ್ಯಾರೇಜಿಗೆ ಹೋದರು. ಬಣ್ಣ ಇನ್ನೂ ಹಸಿ ಎಂದು ಬೆಳಿಗ್ಗೆ ಅಲ್ಲೇ ಬಿಟ್ಟಿದ್ದ ಗೊಂಬೆಗಳ ಟ್ರೇ ಹಿಡಿದುಕೊಂಡು ಬಂದರು. ಕೋಟೆಯ ಬಾಗಿಲನ್ನೂ ಅದರ ಮೇಲಿಟ್ಟಿದ್ದರು.

“ಇವ್ರ ಕೈಯಾಗ ಏನೂ ಇಲ್ಲ ನೋಡ್ರಿ,” ಎಂದರು. “ಇವ್ರಿಗೆ ಪೂಜಿನೂ ಇಲ್ಲ, ಕಟ್ಟೂ ಇಲ್ಲ. ಇವ್ರನ್ನ ಒಯ್ರಿ.”

ದಾನಪ್ಪ ಟ್ರೇಯನ್ನೂ ಹೆಂಡತಿಯ ಮುಖವನ್ನೂ ನೋಡಿದರು. ಬೈದಿದ್ದಕ್ಕೆ ನಾಚಿಕೆಯಾಯಿತು. ಟ್ರೇ ಇಸಿದುಕೊಂಡು ಕಾರು ಹತ್ತಿದರು.

ಹಾಸ್ಪಿಸಿನ ಕೋಣೆಯಲ್ಲಿ ಮಧ್ಯಾಹ್ನದ ಬಿಸಿಲು ತುಂಬಿತ್ತು. ಜೋರ್ಡಿ ಬಹಳ ಇಳಿದುಹೋಗಿದ್ದ. ದಾನಪ್ಪ ಅವನ ಸೊಂಟದ ಬಳಿ ಹೊದಿಕೆಯ ಮೇಲೆ ಬಾಗಿಲು ನಿಲ್ಲಿಸಿ, ಅದರ ಹಿಂದೆ ಜನರನ್ನು ಒಬ್ಬೊಬ್ಬರಾಗಿ ಇಟ್ಟರು.

“ನಿನ್ನ ದಂಡೆಲ್ಲಿ?” ಜೋರ್ಡಿ ಕೇಳಿದ. “ಡೈಸ್?”

“ಬಂದಿಲ್ಲ.”

“ಮೋಸ.” ಅವನ ಮುಖ ಕಪ್ಪಿಟ್ಟಿತು. “ಕರುಣೆ ಬೇಡ ಅಂತ ಹೇಳಿದ್ದೆ.”

“ಕರುಣೆ ಅಲ್ಲ, ಮಾರಾಯ. ನಮ್ಮಲ್ಲಿ ವರ್ಷಕ್ಕೊಂದು ದಿನ ಆಯುಧಗಳನ್ನ ದೇವರ ಮುಂದೆ ಇಡ್ತೀವಿ. ಮರುದಿನದವರೆಗೆ ಯಾರೂ ಎತ್ತೋ ಹಾಗಿಲ್ಲ. ರಾಜನ ದಂಡಾದರೂ ಅಷ್ಟೇ. ಇವತ್ತು ಆ ದಿನ.”

“ಯಾರು ಮಾಡಿದ ರೂಲ್?”

“ಗೊತ್ತಿಲ್ಲ. ನಮ್ಮಜ್ಜನ ಅಜ್ಜನಿಗಿಂತ ಹಳೇದು.”

ಜೋರ್ಡಿ ಕಣ್ಣು ಕಿರಿದು ಮಾಡಿ ನೋಡಿದ. ಅಚ್ಚಿನಲ್ಲಿ ಕೂದಲೆಳೆಯ ತಪ್ಪು ಹುಡುಕುವಾಗ ಹಾಗೆಯೇ ನೋಡುತ್ತಿದ್ದ. “ನೀನು ಎತ್ತೋಕೆ ಹೋಗಿದ್ದೆಯಾ?”

“ಹೋಗಿದ್ದೆ. ಜಗಳ ಆಯಿತು. ನೀಲಗಂಗಾ ಮುಟ್ಟಗೊಡಲಿಲ್ಲ.”

ಆಗ ಜೋರ್ಡಿ ನಕ್ಕ. ನಗು ಕೆಮ್ಮಾಯಿತು, ಮಾರ್ತಾ ನೀರು ಕುಡಿಸಿದಳು. “ಹಾಗಾದರೆ ರೂಲ್ ರೂಲೇ,” ಎಂದ. “ಬಾಗಿಲು ತೆಗಿ.”

ಜನ ಹೊರಗೆ ಬಂದರು. ದಾನಪ್ಪ ಒಬ್ಬರನ್ನು ಸರಿಸುತ್ತಿದ್ದರು, ಮಾರ್ತಾ ಒಬ್ಬರನ್ನು. ಹೊದಿಕೆಯ ಮಡಿಕೆಗಳನ್ನು ದಾಟಿ, ಅವನ ಮೊಣಕಾಲಿನ ಗುಡ್ಡ ಸುತ್ತಿ, ಪಾದದ ಕಡೆಗೆ ಹೊರಟರು. ಕಂಬಳಿ ಹೊದ್ದ ಒಬ್ಬನನ್ನು ಜೋರ್ಡಿ ತಾನೇ ಬೆರಳಿನಿಂದ ತಳ್ಳಿದ. ಹಸಿ ಬಣ್ಣ ಅವನ ಬೆರಳಿಗೆ ಹತ್ತಿತು. ಯಾರೂ ಕಂಬಳಿ ಕಿತ್ತುಕೊಳ್ಳಲಿಲ್ಲ. ಜೋರ್ಡಿ ಬಾಯಿ ತೆರೆದು ಮಗುವಿನ ಹಾಗೆ ಅಳುತ್ತಿದ್ದ. ದಾನಪ್ಪನವರಿಗೂ ತಡೆಯಲಾಗಲಿಲ್ಲ.

ಎಲ್ಲರೂ ದಾಟುವ ಮೊದಲೇ ಅವನಿಗೆ ಸುಸ್ತಾಯಿತು. ಉಳಿದವರು ಅಲ್ಲೇ ಇರಲಿ ಎಂದು ಸನ್ನೆ ಮಾಡಿ ಕೇಳಿದ, “ನಾಳೆ ನಿನ್ನ ದಂಡು ಬರಬಹುದಾ?”

“ಬರಬಹುದು. ನೀನು ಹೇಳಿದರೆ ತರ್ತೀನಿ.”

ಮರುದಿನ ಬೆಳಿಗ್ಗೆ ನೀಲಗಂಗಾ ಪೂಜೆ ಮಾಡಿ ಮಣೆ ಕದಲಿಸಿದರು. “ಈಗ ಒಯ್ರಿ,” ಎಂದು ಸೈನಿಕರ ಡಬ್ಬಿಯನ್ನು ತಾವೇ ತುಂಬಿಕೊಟ್ಟರು. ದಾನಪ್ಪ ಹೊರಡುವ ಮೊದಲು ಫೋನ್ ಮಾಡಿದರು. ಮಾರ್ತಾ ಅದನ್ನು ಅಪ್ಪನ ಕಿವಿಗೆ ಹಿಡಿದಳು.

“ದಂಡು ತರಬೇಡ, ದಾನಾ,” ಎಂದ ಜೋರ್ಡಿ. “ಮುದುಕರು ಇನ್ನೂ ದಾರಿಯಲ್ಲಿದ್ದಾರೆ.”

ದಾನಪ್ಪ ಡಬ್ಬಿ ಕೆಳಗಿಟ್ಟು ನೆಲದ ಮೇಲೆಯೇ ಕೂತರು. ನೀಲಗಂಗಾ ಬಂದು ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈ ಇಟ್ಟರು. ಸಂಜೆ ಮಾರ್ತಾ ಮತ್ತೆ ಫೋನ್ ಮಾಡಿ, ಅಪ್ಪ ಹೋದರು ಎಂದಳು. ನರ್ಸು ಹಾಸಿಗೆ ಸರಿಮಾಡಲು ಬಂದಾಗಲೆಲ್ಲ ಅವನು ಹೊದಿಕೆಗೆ ಕೈ ಹಾಕಗೊಟ್ಟಿರಲಿಲ್ಲವಂತೆ, ಜನ ಬೀಳುತ್ತಾರೆ ಎಂದು.