ಹೊಸ್ತಿಲಿಗೆ ಹಚ್ಚಿದ ಎಣ್ಣೆ

ನನಗೆ ಓದು ಅಷ್ಟಕ್ಕಷ್ಟೆ. ತಲೆ ನೆರೆತ ಮೇಲೆ ಯೇಸಪ್ಪನ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಅಕ್ಷರ ಕಲಿತವಳು. ಈಗಲೂ ಬೆರಳಿಟ್ಟುಕೊಂಡೇ ಓದುತ್ತೇನೆ. ಕಂಡಿದ್ದನ್ನು ಹೇಳುವುದಕ್ಕೆ ಅಷ್ಟು ಸಾಕು.

ಹೋದ ವರ್ಷ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಮುಂದೆಯೇ ಒಂದು ನಿಂಬೆಹಣ್ಣು. ಕುಂಕುಮ ಸವರಿ, ಮೊಳೆ ಚುಚ್ಚಿ, ಕೆಂಪು ದಾರ ಸುತ್ತಿದ್ದರು. ಯಾರೋ ಕೂತು, ಮನಸ್ಸಿಟ್ಟು ಮಾಡಿದ ಕೆಲಸ. ನಮ್ಮೂರು ಮತ್ತೋಡಿನ ಕಡೆ ಇಂಥದ್ದನ್ನು ಯಾರೂ ದಾಟುವುದಿಲ್ಲ, ಮುಟ್ಟುವುದಿಲ್ಲ. ನಾನು ಪೊರಕೆಯಲ್ಲಿ ತಳ್ಳಿ, ಮುರುಕು ಮೊರದಲ್ಲಿ ಎತ್ತಿ ತಿಪ್ಪೆಗೆ ಎಸೆದೆ. "ಯೇಸಪ್ಪನ ಮನೇನ ನಿಂಬೆಹಣ್ಣು ಏನ್ ಮಾಡೀತು?" ಅಂತ ಬೀದಿಗೆಲ್ಲ ಕೇಳುವ ಹಾಗೆ ಅಂದೆ. ಒಳಗೆ ಬಂದವಳೇ ಬಾಗಿಲಿಗೆ ಚಿಲಕ ಹಾಕಿಕೊಂಡೆ.

ಸೊಸೆಗೆ ಆಗ ಎಂಟು ತಿಂಗಳು. ಹಿಂದಿನ ಸಲದ್ದು ಐದು ತಿಂಗಳಿಗೇ ಹೋಗಿತ್ತು. ಅವಳಿಗೆ ತಾಯಿಯಿಲ್ಲ, ಹೆರಿಗೆಗೆ ತವರಿಗೆ ಕಳಿಸುವ ಹಾಗಿರಲಿಲ್ಲ. ಈ ಮಗುವನ್ನು ಉಳಿಸಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು.

ಇಟ್ಟವರು ಯಾರು? ನನ್ನ ಕಣ್ಣು ನೆಟ್ಟಗೆ ವಾರಗಿತ್ತಿಯ ಮೇಲೆ ಹೋಯಿತು. ನನ್ನ ಮೈದುನನ ಹೆಂಡತಿ. ಪಕ್ಕದ ಮನೆ, ನಡುವೆ ಒಂದೇ ಗೋಡೆ. ನಾವು ಸಭೆಗೆ ಸೇರಿದ ಮೇಲೆ ಮನೆದೇವರ ಕೆಲಸವೆಲ್ಲ ಅವಳೊಬ್ಬಳ ತಲೆಗೆ ಬಿತ್ತು. ಆ ಸಿಟ್ಟನ್ನು ಅವಳು ಯಾವತ್ತೂ ಮುಚ್ಚಿಟ್ಟವಳಲ್ಲ. ಆ ದಿನದಿಂದ ಅವಳು ಕೆಮ್ಮಿದರೂ ನಾನು ಕಿವಿ ಕೊಟ್ಟೆ. ಸೊಸೆಗೆ ಅಂತ ಅವಳು ಕೊಟ್ಟ ಹೋಳಿಗೆಯನ್ನು ನಗುತ್ತಾ ಇಸಿದುಕೊಂಡು ಎಮ್ಮೆಗೆ ಹಾಕಿದೆ. ಎಮ್ಮೆಗೆ ಏನೂ ಆಗಲಿಲ್ಲ. ಆದರೂ ನಂಬಲಿಲ್ಲ. ಎಮ್ಮೆಗೆ ಮಾಡಿದ ಮಾಟವಲ್ಲವಲ್ಲ.

ಸೊಸೆಗೂ ವಿಷಯ ಮುಟ್ಟಿತು. "ಹಿರಿಯೂರು ಕಡೆ ಒಬ್ರು ಮಾಟ ತೆಗೀತಾರಂತೆ. ಹೋಗಾಣ ಅತ್ತೆ."

"ನಾವು ನಂಬಿರಾದು ಯಾರನ್ನೇ?"

"ನಂಬೀವಿ. ಆದ್ರೂ..."

"ಆದ್ರೂ ಗೀದ್ರೂ ಏನಿಲ್ಲ. ಸುಮ್ನೆ ಮಲಿಕ್ಕ."

ಅವಳಿಗೆ ಹಾಗೆ ಗದರಿದೆ. ನನ್ನ ಹೊಟ್ಟೆಯೊಳಗೂ ಅದೇ 'ಆದ್ರೂ' ಕೂತಿತ್ತು. ನನಗೆ ಮಂಡಿನೋವು ಬಂದಾಗ ಪಾಸ್ಟರ್ ಪ್ರಾರ್ಥನೆ ಮಾಡಿ ಕೊಟ್ಟ ಕೊಬ್ಬರಿ ಎಣ್ಣೆ ಒಂದು ಬಾಟಲಿ ಇತ್ತು. ಅದನ್ನು ತೆಗೆದು ದಿನಾ ಬೆಳಿಗ್ಗೆ ಹೊಸ್ತಿಲಿಗೆ ಹಚ್ಚತೊಡಗಿದೆ. ಈ ಕಡೆಯಿಂದ ಆ ಕಡೆಗೆ ಮೂರು ಸಲ. ಪಕ್ಕದ ಮನೆಯಲ್ಲಿ ಅವಳು ಅರಿಶಿನ ಹಚ್ಚುತ್ತಿದ್ದಳು, ನಾನು ಎಣ್ಣೆ ಹಚ್ಚುತ್ತಿದ್ದೆ. ಒಂದು ದಿನ ತಪ್ಪಿದರೆ ಅನ್ನ ಇಳಿಯುತ್ತಿರಲಿಲ್ಲ. ಸ್ವಾಮಿಯನ್ನು ಮನೆ ಕಾಯಲು ಇಟ್ಟೆ ಅಂದುಕೊಂಡಿದ್ದೆ. ಇಟ್ಟಿದ್ದು ಬಾಟಲಿಯನ್ನು.

ಮೂರನೇ ವಾರ ಎಣ್ಣೆ ಹೆಚ್ಚಾಗಿ ಹೊಸ್ತಿಲಿನಿಂದ ಟೈಲ್ಸ್ ಮೇಲೆ ಇಳಿದಿತ್ತು. ನಾನು ನೋಡಲಿಲ್ಲ. ಸೊಸೆ ಬಿಂದಿಗೆ ಹಿಡಿದು ಹೊಸ್ತಿಲು ದಾಟಿದಳು. ಕಾಲು ಜಾರಿತು, ಸೊಂಟದ ಮೇಲೆ ಬಿದ್ದಳು. ಅವಳು ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ.

ಮಗ ಕೆಲಸಕ್ಕೆ ಹೋಗಿದ್ದ. ನಾನು ಕಂಬದ ಹಾಗೆ ನಿಂತುಬಿಟ್ಟೆ. ಓಡಿ ಬಂದವಳು ವಾರಗಿತ್ತಿ. ಅವಳೇ ಬೀದಿಯಲ್ಲಿ ಹೋಗುತ್ತಿದ್ದ ಲಗೇಜ್ ಆಟೊ ನಿಲ್ಲಿಸಿದಳು. ತೆಂಗಿನಕಾಯಿ ಚೀಲಗಳನ್ನು ಅವಳೇ ಕೆಳಗೆ ಎಳೆದು ಹಾಕಿ, ಕಂಬಳಿ ಹಾಸಿ, ಸೊಸೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊಸದುರ್ಗದ ಆಸ್ಪತ್ರೆಯವರೆಗೂ ಬಂದಳು. ದಾರಿಯುದ್ದಕ್ಕೂ ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಅಂಥ ಹೊತ್ತಲ್ಲೂ ನನ್ನ ಬುದ್ಧಿ ಅಷ್ಟೇ.

ಡಾಕ್ಟರಮ್ಮ ನೋಡಿ, ಮಗುವಿನ ಎದೆಬಡಿತ ಚೆನ್ನಾಗಿದೆ, ಎರಡು ದಿನ ಇಲ್ಲೇ ಇರಲಿ ಅಂದರು. ಪಾಸ್ಟರ್ ಸಾಯಂಕಾಲ ಬಂದರು. ನಾನು ನಿಂಬೆಹಣ್ಣು, ಎಣ್ಣೆ, ಎಲ್ಲಾ ಒಪ್ಪಿಸಿದೆ.

"ಅಮ್ಮಾ, ಎಣ್ಣೆ ಕೊಟ್ಟಿದ್ದು ನಿಮ್ಮ ಮಂಡಿಗೆ," ಅಂದರು. "ಅವರು ನಿಂಬೆಹಣ್ಣು ನಂಬಿದ್ರು, ನೀವು ಬಾಟ್ಲಿ ನಂಬಿದ್ರಿ. ದೇವ್ರನ್ನ ನಂಬಿದೋರು ಯಾರು ಹೇಳ್ರಿ?"

ಹೊರಗಿನವರು ಬಯಸಿದ ಕೇಡು ಮೂರು ವಾರ ಹೊಸ್ತಿಲ ಆಚೆಯೇ ಇತ್ತು. ಒಳಗಿನ ಕೇಡು ನನ್ನ ಕೈಯಿಂದ ಬಂತು. ಎರಡರಿಂದಲೂ ಆ ಮಗುವನ್ನು ಉಳಿಸಿದವನು ನನ್ನ ಎಣ್ಣೆಗೆ ಕಾದು ಕೂತಿರಲಿಲ್ಲ.

ಮಾರನೇ ದಿನ ವಾರಗಿತ್ತಿ ಬಸ್ಸಿನಲ್ಲಿ ಬುತ್ತಿ ತಂದಳು. ಮೆತ್ತಗಿನ ಅನ್ನ, ಮೆಣಸಿನ ಸಾರು. ಸೊಸೆ ನನ್ನ ಮುಖ ನೋಡಿದಳು. ನಾನು ಕೇಳಿಯೇಬಿಟ್ಟೆ: "ಆ ನಿಂಬೆಹಣ್ಣು ಇಟ್ಟಿದ್ದು ನೀನೇನೇ?"

"ನಾನು ಮಾಟ ಮಾಡ್ಸಂಗಿದ್ರೆ ನಿನ್ ಬಾಯಿಗೆ ಮಾಡಿಸ್ತಿದ್ದೆ ಕಣಕ್ಕ! ಕೂಸಿಗ್ಯಾಕೆ ಮಾಡ್ಸಲಿ?"

ಪಕ್ಕದ ಮಂಚದವರು ನಕ್ಕರು. ವಾರಗಿತ್ತಿ ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಆಣೆ ಇಡಲಿಲ್ಲ. ಅವಳೇ ಇಟ್ಟಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅನುಮಾನ ಪೂರ್ತಿ ಹೋಗಿದೆ ಅಂದರೆ ಸುಳ್ಳು ಹೇಳಿದ ಹಾಗಾಗುತ್ತದೆ. ಆದರೆ ಯಾರು ಅಂತ ಪತ್ತೆಯಾದ ಮೇಲೆಯೇ ಕಾಯುತ್ತೇನೆ ಅಂತ ದೇವರು ಹೇಳಿಲ್ಲವಲ್ಲ.

ಡಬ್ಬಿಯ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದೆ. "ಸ್ವಾಮಿ, ಇದ್ರಾಗೆ ಏನಿದ್ರೂ ನೀನು ಅದಕ್ಕಿಂತ ದೊಡ್ಡೋನು. ಆಮೆನ್."

"ಏನಿದ್ರೂ ಅಂದ್ರೆ ಏನಕ್ಕ?" ವಾರಗಿತ್ತಿ ಸಿಡುಕಿದಳು. "ಉಪ್ಪೈತೆ, ಮೆಣಸೈತೆ. ಇನ್ನೇನಿರ್ತೈತೆ?"

ಮೊದಲ ತುತ್ತು ನಾನೇ ಬಾಯಿಗಿಟ್ಟೆ. ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು. ಡಬ್ಬಿಯನ್ನು ಸೊಸೆಯ ಕೈಗೆ ಕೊಟ್ಟು, "ಉಣ್ಣು," ಅಂದೆ.