ದಿನಾಲೂ ದ್ವಾದಶಿ

ಕೃಷ್ಣಾಬಾಯಿಯವರಿಗೆ ದಿನಾಲೂ ಏಕಾದಶಿ. ಸೋಮವಾರವೂ ಏಕಾದಶಿ, ಮಂಗಳವಾರವೂ ಏಕಾದಶಿ. ತಟ್ಟೆ ಮುಂದಿಟ್ಟರೆ ಹಿಂದೆ ಸರಿಸಿ, ‘ಇವತ್ತ ಉಪವಾಸ ಅದ, ಅಷ್ಟೂ ತಿಳಿಯೂದಿಲ್ಲೇನ ನಿನಗ?’ ಎನ್ನುವರು. ಎಂಬತ್ತೆರಡು ವರ್ಷ, ಮೈತುಂಬ ಸಕ್ಕರೆ ಕಾಯಿಲೆ, ನೆನಪೆಲ್ಲ ಕಲಸುಮೇಲೋಗರ. ವ್ರತ ಮಾತ್ರ ಗಟ್ಟಿ!

ಈ ಮಾತೆಲ್ಲ ಕೇಳಬೇಕಾದವಳು ಸುಭದ್ರಾ. ತೆಲುಗು ಸೀಮೆಯ ಕುಷಾಯಿಗೂಡದ ಹಳೆಯ ಮನೆಯೊಂದರಲ್ಲಿ ನರ್ಸ್ ವನಜಾ ಎಂಟು ಮಂದಿ ವೃದ್ಧರನ್ನು ನೋಡಿಕೊಳ್ಳುತ್ತಿದ್ದಳು. ಅವರನ್ನು ಮೀಯಿಸಿ ಉಣ್ಣಿಸುವ ಕೆಲಸ ಸುಭದ್ರಾಳದು. ಬಾಗಲಕೋಟೆ ಕಡೆಯವಳು, ಗಂಡ ಮಲ್ಲಪ್ಪ ಫ್ಯಾಕ್ಟರಿಯಲ್ಲಿ ಫಿಟ್ಟರ್. ಕನ್ನಡ ಬರುತ್ತದೆಂದು ಕೃಷ್ಣಾಬಾಯಿಯವರನ್ನು ವನಜಾ ಅವಳಿಗೇ ಒಪ್ಪಿಸಿದ್ದಳು. ಕನ್ನಡ ಬಂದು ಏನು ಬಂತು? ಗೋಡೆಯ ಕ್ಯಾಲೆಂಡರನ್ನೇ ಕಿತ್ತು ತಂದು ತೋರಿಸಿದರೂ, ‘ಅಚ್ಚ ಹಾಕಾಂವಗ ತಿಥಿ ಏನ ತಿಳೀತದ?’ ಎಂದು ಮುದುಕಿ ಮುಖ ತಿರುಗಿಸಿದರು.

ಆರು ಕಿಲೋ ಇಳಿದರು. ಪ್ರತ್ಯೇಕ ರಾಜ್ಯದ ಚಳವಳಿಯಲ್ಲಿ ವಾರಕ್ಕೊಂದು ಬಂದ್ ಆಗುತ್ತಿದ್ದ ವರ್ಷ ಅದು. ಬಸ್ಸಿಲ್ಲದ ದಿನ ಸ್ಕೂಟರಿನಲ್ಲಿ ಬಂದ ಡಾಕ್ಟರು, ‘ಇನ್ನು ಮೂರು ದಿನ. ತಿನ್ನದಿದ್ದರೆ ಆಸ್ಪತ್ರೆ, ಮೂಗಿಗೆ ನಳಿಗೆ’ ಎಂದು ಹೇಳಿ ಹೋದರು. ಸುಭದ್ರಾಳ ತಾಯಿ ಹಾಗೆ ನಳಿಗೆ ಹಾಕಿಸಿಕೊಂಡೇ ಕಣ್ಣು ಮುಚ್ಚಿದ್ದಳು.

ಆ ಸಂಜೆ ಬೇವಿನ ಮರದ ಕೆಳಗೆ ಕೃಷ್ಣಾಬಾಯಿ ಅರೆಗಣ್ಣು ಮುಚ್ಚಿ ಎಲ್ಲೋ ತೇಲುತ್ತಿದ್ದರು. ಧಾರವಾಡದ ಹಿತ್ತಿಲೋ, ಮದುವೆಯಾದ ಹೊಸತೋ, ಯಾರಿಗೆ ಗೊತ್ತು. ‘ನಾಳೆ ದ್ವಾದಶಿ,’ ಎಂದರು ಮೆಲ್ಲಗೆ. ‘ನಸುಕಿನ್ಯಾಗ ಏಳಬೇಕು. ಹೊತ್ತು ಮೀರೂದ್ರೊಳಗ ಪಾರಣಿ ಮಾಡದಿದ್ರ ಉಪವಾಸದ ಪುಣ್ಯೆಲ್ಲಾ ಹೋಗತದಂತ ಅತ್ತಿಯವರು ಹೇಳ್ಯಾರ. ಅಗಸಿ ಸೊಪ್ಪು ತಂದೀರೇನ?’

ಸುಭದ್ರಾ ಧಡಕ್ಕನೆ ಎದ್ದು ನಿಂತಳು. ಅಯ್ಯೋ, ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ! ಏಕಾದಶಿಯಂದು ಉಣ್ಣುವಂತಿಲ್ಲ, ಸರಿ. ಮರುದಿನ ಉಣ್ಣದೆ ಇರುವಂತಿಲ್ಲ.

ಮಾರ್ಕೆಟ್ಟಿಗೆ ಓಡಿ, ‘ಅವಿಸೆ ಆಕು’ ಎಂದು ತೆಲುಗಿನಲ್ಲಿ ಕೇಳಿ ಕೇಳಿ ಅಗಸೆ ಸೊಪ್ಪು ತಂದಳು. ನಸುಕಿನಲ್ಲೇ ತಲೆಗೆ ನೀರು ಹಾಕಿಕೊಂಡು ಅಡುಗೆ ಮಾಡಿದಳು.

‘ಅವ್ವಾರ, ಏಳ್ರಿ! ದ್ವಾದಶಿ ಐತಿ, ಹೊತ್ತು ಮೀರಾಕತ್ತೈತಿ!’

‘ಮಡೀಲೆ ಮಾಡೀಯೇನ? ದೂರ ನಿಂತ ಬಡಸು.’

ಉಂಡರು! ಗಬಗಬನೆ ಉಂಡರು.

ಅಂದಿನಿಂದ ಆ ಕೋಣೆಯಲ್ಲಿ ದಿನಾಲೂ ದ್ವಾದಶಿ. ಅದೇ ನಸುಕು, ಅದೇ ಅಗಸೆಯ ಘಮ, ಅದೇ ಬೇವಿನ ನೆರಳು ಮೆಲ್ಲಗೆ ಕಿಟಕಿಯೊಳಗೆ ಬರುವುದು. ಒಮ್ಮೊಮ್ಮೆ ಸುಭದ್ರಾಗೂ ಇವತ್ತು ಯಾವ ವಾರವೆಂದು ಮರೆತುಹೋಗುತ್ತಿತ್ತು. ಡಾಕ್ಟರು ನಳಿಗೆಯ ಮಾತೆತ್ತಲಿಲ್ಲ.

ಆದರೆ ನಿಜವಾದ ಏಕಾದಶಿಯೂ ಬರಬೇಕಲ್ಲ? ಬಂತು. ಅರವತ್ತು ವರ್ಷದ ವ್ರತವನ್ನು ಸುಳ್ಳು ಹೇಳಿ ಕೆಡಿಸಿದೆನಲ್ಲ ಎಂದು ಸುಭದ್ರಾಗೆ ಸಂಕಟ. ಅಂಥ ದಿನ ತಾನೇ ಹನಿ ನೀರೂ ಮುಟ್ಟದೆ ಇರತೊಡಗಿದಳು.

‘ಕೊರಳಾಗ ಲಿಂಗ ಐತಿ, ನಿನಗೆಲ್ಲೀ ಏಕಾದಶಿ?’ ಎಂದು ಮಲ್ಲಪ್ಪ ನಕ್ಕ.

‘ಅವರದು ನಾ ಕೆಡಿಸೀನಿ. ನಾನ ತುಂಬಬೇಕು.’

ಹಾಗೇ ಒಂದು ಏಕಾದಶಿಯ ಬೆಳಗ್ಗೆ, ಹಿಂದಿನ ಸಂಜೆಯಿಂದ ಖಾಲಿ ಹೊಟ್ಟೆಯಲ್ಲಿ ಗೋಡೆಗೊರಗಿ ನಿಂತಿದ್ದಳು. ಕೃಷ್ಣಾಬಾಯಿಯವರ ಕೈ ತಟ್ಟೆಯಲ್ಲೇ ನಿಂತಿತು.

‘ಮಾರಿ ಯಾಕ ಬಾಡೇದ? ಉಂಡೀಯಿಲ್ಲೋ?’

‘ಆಮ್ಯಾಲೆ ಉಣ್ತೀನ್ರಿ.’

‘ದ್ವಾದಶಿ ದಿನ ಆಮ್ಯಾಲೆ ಅಂದ್ರ? ನೀ ಉಣ್ಣದ ನಾ ಉಣ್ಣೂದಿಲ್ಲ.’ ತಟ್ಟೆಯನ್ನು ಹಿಂದೆ ಸರಿಸಿದರು. ಮೊದಲು ಸರಿಸುತ್ತಿದ್ದ ಹಾಗೆಯೇ.

ಸುಭದ್ರಾ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

‘ಇಲ್ಲೆ ಬಾ. ಕೂಡು. ಬಾಯಿ ತೆರಿ.’

ಬಳಿ ಹೋಗಿ ಕೂತಳು. ದೂರ ನಿಲ್ಲು ಎನ್ನುತ್ತಿದ್ದ ಮುದುಕಿಯ ಬೆರಳು ಅವಳ ತುಟಿಗೆ ತಗುಲಿತು. ತಾಯಿ ಹೋದ ಮೇಲೆ ಅವಳ ಬಾಯಿಗೆ ಯಾರೂ ತುತ್ತಿಟ್ಟಿರಲಿಲ್ಲ. ನುಂಗಿದಳು, ಕಣ್ಣೀರಿನ ಜೊತೆಗೇ.

ಅದೇ ಕೈಯಿಂದ ಕೃಷ್ಣಾಬಾಯಿ ಮುಂದಿನ ತುತ್ತು ಕಲಸಿ ತಮ್ಮ ಬಾಯಿಗಿಟ್ಟುಕೊಂಡರು.