ಹಿಂದಕ್ಕೆ ಓಡಿದ ಕಾರು

1962ನೇ ಇಸವಿ. ನನ್ನ ಮದುವೆಯಾಗಿ ಒಂದು ವರ್ಷ ಆಗಿತ್ತು. ಮೊದಲ ನಾಗರ ಪಂಚಮಿಗೆಂದು ಚಡಚಣದ ಗಂಡನ ಮನೆಯಿಂದ ತವರಿಗೆ ಬಂದಿದ್ದೆ. ನನ್ನ ತವರು ಆಲಮೇಲದಿಂದ ಆಚೆ, ಭೀಮಾ ನದಿಯ ಕಡೆಗಿರುವ ಒಂದು ಸಣ್ಣ ಹಳ್ಳಿ. ಅವ್ವ ಮೊದಲೇ ತೀರಿಕೊಂಡಿದ್ದಳು. ಮನೆಯಲ್ಲಿದ್ದವರು ಅಪ್ಪ, ಅಣ್ಣ ಮಲ್ಲಪ್ಪ ಮತ್ತು ಅಣ್ಣನ ಹೆಂಡತಿ ನೀಲವ್ವ. ಅವಳನ್ನು ನಾನು ವೈನಿ ಎನ್ನುತ್ತಿದ್ದೆ. ಅವ್ವ ಇಲ್ಲದ ನನಗೆ ಹೆರಳು ಹಾಕಿ, ಸೀರೆ ಉಡುವುದನ್ನು ಕಲಿಸಿ, ಗಂಡನ ಮನೆಗೆ ಕಳಿಸುವಾಗ ನನಗಿಂತ ಜೋರಾಗಿ ಅತ್ತವಳು ಅವಳೇ.

ನಮ್ಮ ಮನೆಯಲ್ಲಿ ಒಂದು ಕಾರಿತ್ತು. ಆ ಕಾಲದಲ್ಲಿ ನಮ್ಮಂಥ ಹಳ್ಳಿಯಲ್ಲಿ ಕಾರು ಎಂದರೆ ಜನ ನಗುತ್ತಿದ್ದರು. ಅಣ್ಣ ಸೋಲಾಪುರದಲ್ಲಿ ಒಬ್ಬ ಅರಳೆ ಸಾವುಕಾರರ ಹತ್ತಿರ ಡ್ರೈವರ್ ಆಗಿದ್ದ. ಅವರು ಹೊಸ ಕಾರು ಕೊಂಡಾಗ ಹಳೆಯದನ್ನು ಇವನು ತಂದ. ಅದಕ್ಕಾಗಿ ಅಪ್ಪ ತನ್ನ ಜೋಡೆತ್ತು ಮಾರಿದ. ಎತ್ತು ಕಟ್ಟುತ್ತಿದ್ದ ಜಾಗದಲ್ಲೇ ಕಾರು ನಿಂತಿತು. ಮದುವೆ ದಿಬ್ಬಣ, ಸಿಂದಗಿ ಸಂತೆ, ದವಾಖಾನೆಗೆ ಹೋಗುವವರು, ಹೀಗೆ ಬಾಡಿಗೆಗೆ ಓಡಿಸಿ ಅಣ್ಣ ಮನೆ ನಡೆಸುತ್ತಿದ್ದ.

ರಿಪೇರಿಯನ್ನೂ ಅವನೇ ಮಾಡಿಕೊಳ್ಳುತ್ತಿದ್ದ. ಗೇರ್ ಹಾಕುವ ಕೋಲಿನ ಬುಡದಲ್ಲಿ ಹಾಸಿದ ಚಾಪೆ ಎತ್ತಿದರೆ ಗೇರ್ ಪೆಟ್ಟಿಗೆಯ ಬೂಚು ಕಾಣುತ್ತಿತ್ತು. ಅದನ್ನು ಪಾನ, ಅಂದರೆ ಸ್ಪ್ಯಾನರಿನಿಂದ ತಿರುವಿ ತೆಗೆದು, ಒಳಗೆ ತಂತಿ ಇಳಿಬಿಟ್ಟು ಎಣ್ಣೆ ಎಲ್ಲಿಯವರೆಗೆ ಇದೆ ಎಂದು ನೋಡುತ್ತಿದ್ದ. ತಂತಿಗೆ ಹತ್ತಿದ ಎಣ್ಣೆಯನ್ನು ಬೆರಳ ನಡುವೆ ತಿಕ್ಕಿ, ಕಬ್ಬಿಣದ ಪುಡಿ ಬಂದಿದೆಯೇ ಎಂದು ಪರೀಕ್ಷಿಸುತ್ತಿದ್ದ. ಅಪ್ಪ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಎಲ್ಲ ನೋಡುತ್ತಿದ್ದ.

"ಇದಕ್ಕೂ ಎಣ್ಣಿ ಬೇಕೇನೋ ಮಲ್ಲು?" ಎಂದು ಒಮ್ಮೆ ಕೇಳಿದ್ದ.

"ಬೇಕಪಾ. ಒಳಗ ಹಲ್ಲಿನ ಗಾಲಿ ಅದಾವ. ಎಣ್ಣಿ ಇಲ್ಲಂದ್ರ ಹಲ್ಲು ಸವದು ಹೋಗ್ತಾವ."

"ಹಲ್ಲು ಅದಾವ, ಎಣ್ಣಿ ಕುಡೀತೈತಿ. ಅಂದ್ರ ಎತ್ತ ಆತು ಬಿಡು," ಎಂದಿದ್ದ ಅಪ್ಪ. ನಾವೆಲ್ಲ ನಕ್ಕಿದ್ದೆವು.

ಪಂಚಮಿಗೆ ನಾನು ಬಂದ ದಿನ ವೈನಿ ಉಂಡಿಗೆ ಶೇಂಗಾ ಹುರಿಯುತ್ತ ಕುಳಿತಿದ್ದಳು. ಕೆಲಸದ ನಡುವೆಯೇ ನನಗೆ ಮನೆಯ ಸುದ್ದಿಯೆಲ್ಲ ಹೇಳಿದಳು. "ಕಾರಹುಣ್ಣಿವಿಗೆ ನೀ ಇರಬೇಕಾಗಿತ್ತ ಗಂಗಾ. ಮಾವ ಕಾರಿನ ಲೈಟಿಗೆ ಗೊಂಡೆ ಕಟ್ಟಿ, ಮೈಗೆಲ್ಲ ಅರಿಶಿಣ ಬಡದು, ಪೂಜಿ ಮಾಡಿದ್ರು. ಎಣ್ಣಿ, ಅರಿಶಿಣ, ಬೆಲ್ಲದ ನೀರು ಕಲಸಿ ಕೊಡವಾ ಅಂದ್ರು. ಕೈಯಾರೆ ಕಲಸಿ ಕೊಟ್ಟೆ. ಯಾರ ಎತ್ತಿಗೆ ಕುಡಿಸಿದ್ರೋ ಏನೋ, ಗೊಟ್ಟ ತೊಳದು ಗ್ವಾಡಿಗೆ ತೂಗಹಾಕಿದ್ರು."

ಕಾರಹುಣ್ಣಿಮೆಗೆ ನಮ್ಮ ಕಡೆ ಎತ್ತುಗಳ ಮೈ ತೊಳೆದು, ಸಿಂಗರಿಸಿ, ಬಿದಿರಿನ ಗೊಟ್ಟದಿಂದ ಗಂಟಲಿಗೆ ಎಣ್ಣೆ ಕುಡಿಸುತ್ತಾರೆ. ಮುಂಗಾರಿನ ಕೆಲಸಕ್ಕೆ ಮೈಯಲ್ಲಿ ಕಸುವು ಬರಲಿ ಎಂದು. ಎತ್ತಿಲ್ಲದ ಅಪ್ಪ ಬೇರೆಯವರ ಎತ್ತಿಗಾದರೂ ಕುಡಿಸಿ ಸಮಾಧಾನಪಟ್ಟಿರಬೇಕು ಎಂದು ನಾವಿಬ್ಬರೂ ಅಂದುಕೊಂಡೆವು.

ಅಣ್ಣನ ಮುಖ ಮಾತ್ರ ಅಷ್ಟು ಗೆಲುವಾಗಿರಲಿಲ್ಲ. ಕೆಲವು ದಿನಗಳಿಂದ ಗೇರ್ ಬಿಗಿಯಾಗಿ ಬೀಳುತ್ತಿದೆ, ಕ್ಲಚ್ಚಿನ ತಟ್ಟೆ ಸವೆದಿರಬೇಕು ಎನ್ನುತ್ತಿದ್ದ. ಸಾಲುಸಾಲಾಗಿ ಬಾಡಿಗೆ ಇದ್ದವು, ಬೂಚು ತೆಗೆದು ಎಣ್ಣೆ ನೋಡಲೂ ಬಿಡುವಿರಲಿಲ್ಲ. "ಪಂಚಮಿ ಆದಮ್ಯಾಲ ಪೂರಾ ಬಿಚ್ಚಿ ನೋಡತೇನಿ," ಎಂದ.

ಹಬ್ಬಕ್ಕೆ ಎರಡು ದಿನ ಮುಂಚೆ, ಬೆಳಗಿನ ಹೊತ್ತು. ಪಾಕ ಕಾಯಿಸಲು ಒಲೆಗೆ ಕುಳ್ಳು ಬೇಕೆಂದು ವೈನಿ ಹಿತ್ತಲಿನ ಕುಳ್ಳಿನ ಗೂಡಿಗೆ ಕೈ ಹಾಕಿದಳು. "ಯವ್ವಾ!" ಎಂದದ್ದು ಒಳಗೆ ನನಗೆ ಕೇಳಿಸಿತು. ಓಡಿ ಹೋದೆ. ನಾಗರಹಾವು ಹೆಡೆ ಇಳಿಸಿ ಗೋಡೆಯ ಸಂದಿಗೆ ಸರಿಯುತ್ತಿತ್ತು. ಅವಳ ಬಲಗೈಯ ಮಣಿಕಟ್ಟಿನ ಕೆಳಗೆ ಎರಡು ತೂತು.

ಅಣ್ಣ ಓಡಿಬಂದು ಅವಳ ಸೆರಗು ಹರಿದು ತೋಳಿಗೆ ಬಿಗಿದ. ಓಣಿಯ ಮಂದಿ ಸೇರಿದರು. ಹಬ್ಬದ ಮುಂದೆ ನಾಗಪ್ಪ ಮುನಿದಾನ, ಗುಡಿಗೆ ಒಯ್ಯಿರಿ ಎಂದು ಯಾರೋ ಅಂದರು. ನನಗೆ ಮೊದಲೇ ಸಿಟ್ಟು ಮೂಗಿನ ಮೇಲೆ. "ನಿಮ್ಮ ಮನ್ಯಾಗಿನವ್ರಿಗೆ ಕಡದಾಗ ಗುಡಿಗೆ ಒಯ್ರಿ. ಈಗ ದಾರಿ ಬಿಡ್ರಿ!" ಎಂದು ಚೀರಿದೆ. ಸಿಂದಗಿಯ ದವಾಖಾನೆಯಲ್ಲಿ ಹಾವಿನ ವಿಷಕ್ಕೆ ಸೂಜಿಮದ್ದು ಸಿಗುತ್ತದೆ ಎಂದು ಅಣ್ಣನಿಗೆ ಗೊತ್ತಿತ್ತು. ಹಾವು ಕಚ್ಚಿದವರನ್ನು ಅದೇ ಕಾರಿನಲ್ಲಿ ಅವನು ಒಯ್ದು ಬದುಕಿಸಿಕೊಂಡು ಬಂದಿದ್ದ. ಹೊತ್ತಿಗೆ ಸರಿಯಾಗಿ ಮುಟ್ಟಿದರೆ ಸಾಕಿತ್ತು.

ಹಿಂದಿನ ಸೀಟಿನಲ್ಲಿ ವೈನಿಯ ತಲೆ ನನ್ನ ತೊಡೆಯ ಮೇಲೆ. ಮುಂದೆ ಅಣ್ಣ, ಅವನ ಪಕ್ಕ ಅಪ್ಪ. ಊರು ದಾಟಿ ಆಲಮೇಲವೂ ದಾಟಿತು. ವೈನಿ ಮಾತಾಡುತ್ತಲೇ ಇದ್ದಳು. ಒಲೆಯ ಮೇಲಿನ ಪಾತ್ರೆ ಇಳಿಸಿದೆಯಾ, ಶೇಂಗಾ ಮುಚ್ಚಿಟ್ಟೆಯಾ ಎಂದೆಲ್ಲ ಕೇಳಿದಳು. ಇವಳಿಗೆ ಏನೂ ಆಗುವುದಿಲ್ಲ ಎಂದು ನನಗೆ ಧೈರ್ಯ ಬಂತು.

ಮುಂದೆ ಒಂದು ಹಳ್ಳ ಬಂತು. ಹಳ್ಳದ ಏರು ಹತ್ತಲು ಅಣ್ಣ ಗೇರ್ ಬದಲಿಸಿದ. ಒಳಗೆ ಕಟಕಟ ಎಂದು ಏನೋ ಮುರಿದ ಸಪ್ಪಳವಾಗಿ ಕಾರು ನಿಂತುಬಿಟ್ಟಿತು. ಅಣ್ಣ ಕೋಲನ್ನು ಎರಡೂ ಕೈಯಿಂದ ಹಿಡಿದು ತಳ್ಳಿದ, ಎಳೆದ. ಮೊದಲನೆಯ ಗೇರಿಗೆ ಹಾಕಿದರೆ ಹಲ್ಲು ಜಾರುವ ಸಪ್ಪಳ. ಎರಡು, ಮೂರು ಬೀಳಲೇ ಇಲ್ಲ. ಕೋಲು ಗೋಂದಿನಲ್ಲಿ ಹುಗಿದಂತೆ ಅಲುಗಾಡುತ್ತಿರಲಿಲ್ಲ. ಕಾರಿನ ತುಂಬ ಸುಟ್ಟ ವಾಸನೆ.

ವೈನಿ ಮೂಗು ಅರಳಿಸಿದಳು. ನಾಲಿಗೆ ದಪ್ಪವಾಗತೊಡಗಿತ್ತು. "ಪಾಕ ಹೊತ್ತೈತಿ... ಯಾರ ಮನ್ಯಾಗ ನೋಡ ಗಂಗಾ," ಎಂದಳು.

ಸುತ್ತ ಮನೆಯೇ ಇರಲಿಲ್ಲ, ಬರೀ ಎರೆಹೊಲ. ವಿಷ ತಲೆಗೇರಿ ಬಡಬಡಿಸುತ್ತಿದ್ದಾಳೆ ಎಂದುಕೊಂಡೆ. "ಸುಮ್ನಿರು ವೈನಿ, ಮಾತಾಡಬ್ಯಾಡ," ಎಂದೆ. ಅವಳು ಆಡಿದ ಕೊನೆಯ ಮಾತು ಅದೇ.

ಬೆಳಗಿನ ಬಸ್ಸು ಹೋಗಿಯಾಗಿತ್ತು. ಬಂಡಿಯಲ್ಲಿ ಹೋದರೆ ಸಿಂದಗಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ದಾಟುತ್ತದೆ. ಅಣ್ಣ ಇನ್ನೊಮ್ಮೆ ಕೋಲು ಎಳೆದ. ಹಿಂದಕ್ಕೆ ಹೋಗುವ ಗೇರ್ ಬಿತ್ತು. ಕಾರು ಒಂದು ಮಾರು ಹಿಂದೆ ಸರಿಯಿತು.

"ಇದೊಂದ ಬೀಳಾಕತ್ತೈತಿ," ಎಂದ. "ತಿರುಗಿಸಿ, ಹಿಂದ ಹಿಂದ ಹೊಡಕೊಂಡ ಹೋಗತೇನಿ."

ಹೊಲದಲ್ಲಿ ಎಡೆ ಹೊಡೆಯುತ್ತಿದ್ದವರು ಓಡಿ ಬಂದು ಕಾರನ್ನು ದಬ್ಬಿ ತಿರುಗಿಸಿದರು. ಕಾರಿನ ಬೆನ್ನು ಸಿಂದಗಿಯ ಕಡೆಗೆ, ಮುಖ ನಮ್ಮೂರ ಕಡೆಗೆ. ಅಣ್ಣ ಪೂರ್ತಿ ಹೊರಳಿ ಕುಳಿತು, ಒಂದು ಕೈಯಿಂದ ಸೀಟಿನ ಬೆನ್ನು ಹಿಡಿದು, ಹಿಂದಿನ ಗಾಜಿನಲ್ಲಿ ದಾರಿ ನೋಡುತ್ತ ಓಡಿಸತೊಡಗಿದ. ದಾರಿ ನೋಡಬೇಕೆಂದರೆ ಅವನು ನನ್ನ ತೊಡೆಯ ಮೇಲಿದ್ದ ಅವಳ ಮುಖದ ಮೇಲಿಂದಲೇ ನೋಡಬೇಕು. ಮುಂದಕ್ಕೆ ಓಡುವ ಕಾರಿನಲ್ಲಿ ಡ್ರೈವರ್‌ಗೆ ಹಿಂದಿನವರು ಕಾಣುವುದಿಲ್ಲ. ಅಣ್ಣನಿಗೆ ಆ ಪುಣ್ಯವೂ ಇರಲಿಲ್ಲ.

ಅವಳ ರೆಪ್ಪೆಗಳು ಜೋತುಬಿದ್ದವು. ಎತ್ತಲು ನೋಡುತ್ತಿದ್ದಳು, ಆಗುತ್ತಿರಲಿಲ್ಲ. ಬಾಯಿಯ ಮೂಲೆಯಿಂದ ಜೊಲ್ಲು ಇಳಿಯಿತು. ನಾನು ಸೆರಗಿನಿಂದ ಒರೆಸುತ್ತಿದ್ದೆ. ಅಪ್ಪನ ಎದುರಿಗೆ ಎಂದೂ ಹೆಂಡತಿಯ ಹೆಸರು ಹಿಡಿಯದ ಅಣ್ಣ, "ನೀಲಾ, ಕಣ್ಣ ಮುಚ್ಚಬ್ಯಾಡ. ನನ್ನ ನೋಡ ನೀಲಾ," ಎನ್ನುತ್ತಿದ್ದ. ಕಾರು ಅತ್ತಿತ್ತ ಹೊಯ್ದಾಡುತ್ತಿತ್ತು. ಅಪ್ಪ ಎರಡೂ ಕೈ ಮೊಣಕಾಲ ಮೇಲಿಟ್ಟು, ದೂರವಾಗುತ್ತಿದ್ದ ನಮ್ಮೂರ ದಾರಿ ನೋಡುತ್ತ ಕುಳಿತಿದ್ದ. ಒಮ್ಮೆಯೂ ಹೊರಳಲಿಲ್ಲ. ಎಂಜಿನ್ನಿನ ನೀರು ಕುದ್ದು ಹೊಗೆ ಎದ್ದಿತು. ನೀರು ಹಾಕಲು ನಿಲ್ಲಬೇಕಾಯಿತು, ಮತ್ತೆ ಹೊರಟೆವು.

ಸಿಂದಗಿಯ ಮೊದಲ ಮನೆಗಳು ಕಂಡಾಗ ಅವಳ ಎದೆ ಏರಿಳಿಯುವುದು ನಿಂತಿತ್ತು. ನಾನು ಹೇಳಲಿಲ್ಲ. ಅಣ್ಣ ನೋಡಿದ್ದ. ಆದರೂ ಕಾರು ನಿಲ್ಲಿಸಲಿಲ್ಲ. ದವಾಖಾನೆಯ ಬಾಗಿಲವರೆಗೂ ಹಾಗೆಯೇ ಓಡಿಸಿದ.

ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ನಾಡಿ ಹಿಡಿದರು. "ಸ್ವಲ್ಪ ಲಗೂನ ತಂದಿದ್ರ ಉಳಿಸಬಹುದಿತ್ರಿ," ಎಂದರು. ಅವರದೇನೂ ತಪ್ಪಿಲ್ಲ. ಇದ್ದದ್ದನ್ನು ಹೇಳಿದರು. ಅಪ್ಪ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕುಳಿತ.

ದಿನಕರ್ಮ ಮುಗಿದ ಮೇಲೆ, ಕಾರನ್ನು ಬೇರೆಯವರ ಎತ್ತು ಕಟ್ಟಿ ಎಳೆದು ತಂದರು. ನಾನು ಗಂಡನ ಮನೆಗೆ ಹೋಗಿರಲಿಲ್ಲ. ಒಂದು ಬೆಳಿಗ್ಗೆ ಅಣ್ಣ ಅಂಗಳದಲ್ಲಿ ಹಳೆಯ ಜಮಖಾನೆ ಹಾಸಿ, ಕಾರಿನ ಕೆಳಗೆ ತೂರಿದ. ಗೇರ್ ಪೆಟ್ಟಿಗೆಯ ಕೆಳಗಿನ ಬೂಚು ತೆಗೆದು ಪರಾತದ ಅಗಲ ತಟ್ಟೆ ಇಟ್ಟ. ಎಣ್ಣೆ ಸುರಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ದಪ್ಪಗೆ, ಎಳೆ ಎಳೆಯಾಗಿ ಇಳಿಯಿತು. ಹಳದಿ ಬಣ್ಣ, ನಡುನಡುವೆ ಕಪ್ಪು ಗಂಟು, ಮುರಿದ ಹಲ್ಲಿನ ಚೂರು.

ವಾಸನೆ ನನ್ನ ಮೂಗಿಗೆ ಬಡಿಯಿತು. ಒಲೆಯ ಮುಂದೆ ಬೆಳೆದವಳು ನಾನು. ಹೊತ್ತಿದ ಬೆಲ್ಲದ ವಾಸನೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೋಡೆಯ ಕಡೆ ನೋಡಿದೆ. ಗೊಟ್ಟ ಅಲ್ಲೇ ತೂಗುತ್ತಿತ್ತು.

ಅಷ್ಟರಲ್ಲಿ ಅಪ್ಪ ಬಂದ. ಪರಾತದ ಹತ್ತಿರ ಬಗ್ಗಿ ನೋಡಿದ. ಮುಚ್ಚಿಡಬೇಕು ಎಂಬುದು ಅವನ ಮನಸ್ಸಿಗೇ ಬಂದಿರಲಿಲ್ಲ. "ಮಲ್ಲೂ, ಕಾರಹುಣ್ಣಿವಿ ದಿನ ನಾನು ಇದಕ್ಕ ಗೊಟ್ಟ ಕುಡಿಸಿದ್ನೋ. ನೀ ಎಣ್ಣಿ ನೋಡ್ತಿದ್ದೆಲ್ಲ, ಆ ತೂತಿನ್ಯಾಗ. ಎತ್ತಿನ ಜಾಗಾದಾಗ ಬಂದೈತಿ, ಅದನ್ನೇನ ಬರೇ ಬಾಯಿಲೆ ಬಿಡೂದು ಅಂತ. ಅದರಿಂದ ಏನರ ತ್ರಾಸ ಆತೇನೋ?"

ನನ್ನ ಬಾಯಿ ತೆರೆದಿತ್ತು. ಆಡಬಾರದ್ದನ್ನೆಲ್ಲ ಆಡುವವಳಿದ್ದೆ. ಅಣ್ಣ ಕಾರಿನ ಕೆಳಗಿನಿಂದ ನನ್ನ ಕಾಲು ಗಟ್ಟಿಯಾಗಿ ಹಿಡಿದ.

"ಇಲ್ಲಪಾ," ಎಂದ. "ಎಣ್ಣಿಯಿಂದ ಏನ ಆಕ್ಕೈತಿ? ಹಳೀ ಗಾಡಿ. ಹಲ್ಲು ಮೊದಲ ಸವದಿದ್ವು."

"ಮತ್ತ ಹಳದಿ ಯಾಕ ಐತ್ಯೋ?"

"ಒಳಗ ಹಿತ್ತಾಳಿ ಬಳಿ ಇರ್ತಾವ. ಅವು ತೇದ ಹಂಗಾಗೈತಿ."

ಅಪ್ಪ ತಲೆ ಆಡಿಸಿದ. "ಹಿತ್ತಾಳಿ," ಎಂದು ತನಗೆ ತಾನೇ ಅಂದುಕೊಂಡು ಹೊಲದ ಕಡೆ ಹೋದ.

ನಾನು ಅಣ್ಣನ ಮೇಲೆ ಹರಿಹಾಯ್ದೆ. "ಹೇಳಬೇಕಾಗಿತ್ತು ನೀ! ವೈನಿ ಕೈಲೇ ಕಲಸಿ ಇಸ್ಕೊಂಡು ವೈನಿನ್ನೇ ಕೊಂದಾನ!" ಎಂದು ಅತ್ತೆ. ಅಣ್ಣನ ಕೈತುಂಬ ಆ ಹಳದಿ ಅಂಟು. ಒರೆಸಿಕೊಳ್ಳಲೂ ಇಲ್ಲ.

"ಅಕಿ ಹೋದ್ಲು ಗಂಗಾ," ಎಂದ. "ಹೇಳಿದ್ರ ಅಪ್ಪನೂ ಹೋಗ್ತಾನ. ಬಾವಿ ದೂರ ಇಲ್ಲ. ನನಗ ಇಬ್ಬರನ್ನ ಹೊರೂ ತಾಕತ್ತಿಲ್ಲ. ಬಾಯಿ ಮುಚ್ಚು."

ಮುಚ್ಚಿದೆ. ಗೇರ್ ಪೆಟ್ಟಿಗೆಯ ಗಾಲಿಗಳನ್ನೆಲ್ಲ ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ, ಒಂದೊಂದೇ ಹಲ್ಲು ಚಿಂದಿಯಿಂದ ತಿಕ್ಕಿ ತೊಳೆಯುವಾಗ ನಾನೂ ಜೊತೆಗೆ ಕುಳಿತು ತಿಕ್ಕಿದೆ. ಮುರಿದವಕ್ಕೆ ಸೋಲಾಪುರದಿಂದ ಬೇರೆ ತಂದು ಜೋಡಿಸಿದ. ಕಾರು ಮತ್ತೆ ಮುಂದಕ್ಕೆ ಓಡಿತು. ಅವನು ಮತ್ತೆ ಮದುವೆಯಾಗಲಿಲ್ಲ.

ಮರುವರ್ಷದ ಕಾರಹುಣ್ಣಿಮೆಗೆ ನಾನು ತವರಿನಲ್ಲೇ ಇದ್ದೆ. ಅಪ್ಪ ತಾನೇ ಎಣ್ಣೆ, ಅರಿಶಿಣ, ಬೆಲ್ಲ ಕಲಸಿ, ಗೊಟ್ಟ ಹಿಡಿದು ಬಂದ. "ಹೋದ ವರ್ಷ ಕುಡಿಸಿದ್ದೆ, ಈ ವರ್ಷ ತಪ್ಪಿಸಬಾರದು," ಎಂದ. ಅಣ್ಣ ಅಪ್ಪನ ಮುಖ ನೋಡಿದ. ಬೇಡ ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತಿತ್ತು. ಎದ್ದು ಹೋಗಿ ಚಾಪೆ ಎತ್ತಿ, ಪಾನ ಹಾಕಿ, ತಾನೇ ಬೂಚು ತೆಗೆದು ಕೊಟ್ಟ. ಅಪ್ಪ ಗೊಟ್ಟ ಬಗ್ಗಿಸಿದ. ಗುಳುಗುಳು ಎಂದು ಇಳಿಯುವವರೆಗೂ ಅಣ್ಣ ಪಕ್ಕದಲ್ಲೇ ನಿಂತಿದ್ದ. ಅಪ್ಪ ಕಾರಿನ ಬೆನ್ನು ಸವರಿ ಒಳಗೆ ಹೋದ.

ಮರುದಿನ ಅಪ್ಪ ಹೊಲಕ್ಕೆ ಹೋದ ಮೇಲೆ ಅಣ್ಣ ಕಾರಿನ ಕೆಳಗೆ ತೂರಿ ಎಲ್ಲ ಎಣ್ಣೆ ಬಸಿದ. ಸೀಮೆಎಣ್ಣೆಯಲ್ಲಿ ತೊಳೆದ. ಹೊಸ ಗೇರ್ ಎಣ್ಣೆ ತುಂಬಿದ. ಪರಾತ ಹಿಡಿದವಳು ನಾನು. ಅಪ್ಪ ಬದುಕಿರುವವರೆಗೆ ಪ್ರತಿ ಕಾರಹುಣ್ಣಿಮೆಗೂ ಇದೇ ನಡೆಯಿತು. ನಾನು ಇಲ್ಲದ ವರ್ಷ ಪರಾತವನ್ನೂ ಅವನೇ ಹಿಡಿದಿರಬೇಕು. ಅಪ್ಪ ತನಗೆ ಏನೂ ತಿಳಿಯದೆಯೇ, ಹಿತ್ತಾಳೆ ಎಂದು ನಂಬಿಯೇ ಕಣ್ಣು ಮುಚ್ಚಿದ.

ಅಣ್ಣನೂ ಈಗ ಇಲ್ಲ. ಅವನು ಮಾಡಿದ್ದು ಸರಿಯೋ ತಪ್ಪೋ, ಇಷ್ಟು ವಯಸ್ಸಾದರೂ ನನಗೆ ತಿಳಿಯದು. ಒಮ್ಮೊಮ್ಮೆ ಅಣ್ಣನಂಥವನು ಹುಟ್ಟುವುದಿಲ್ಲ ಅನ್ನಿಸುತ್ತದೆ. ಒಮ್ಮೊಮ್ಮೆ ಅಪ್ಪನ ಮೇಲಿನ ಸಿಟ್ಟು ಹಾಗೆಯೇ ಹಸಿಯಾಗಿ ಮೇಲೆ ಬರುತ್ತದೆ. ಅವನು ಕೆಡುಕು ಬಯಸಿದವನಲ್ಲ ಎಂಬುದೇ ಆ ಸಿಟ್ಟನ್ನು ಇನ್ನಷ್ಟು ತ್ರಾಸಾಗಿಸುತ್ತದೆ.

ಪಂಚಮಿ ಬಂದರೆ ಸೊಸೆ ಉಂಡಿ ಕಟ್ಟುತ್ತಾಳೆ. ಒಲೆಯ ಮೇಲೆ ಪಾಕ ಸ್ವಲ್ಪ ಹೊತ್ತಿದರೂ ನಾನು ಎದ್ದು ಅಂಗಳಕ್ಕೆ ಬಂದುಬಿಡುತ್ತೇನೆ. ಅತ್ತೆಗೆ ವಯಸ್ಸಾಯಿತು, ವಾಸನೆ ಆಗಿಬರುವುದಿಲ್ಲ ಎಂದು ಅವಳು ತಿಳಿದಿದ್ದಾಳೆ. ಯಾರ ಮನೆಯಲ್ಲಿ ಪಾಕ ಹೊತ್ತಿದೆ ನೋಡು ಎಂದು ವೈನಿ ಕೇಳಿದ್ದಳು. ಬಡಬಡಿಸುತ್ತಿದ್ದಾಳೆ ಎಂದು ನಾನು ಉತ್ತರ ಕೊಟ್ಟಿರಲಿಲ್ಲ. ಅಂಗಳದಲ್ಲಿ ಒಬ್ಬಳೇ ನಿಂತು ಈಗ ಕೊಡುತ್ತೇನೆ.

"ನಮ್ಮ ಮನ್ಯಾಗ, ವೈನಿ. ನಮ್ಮ ಮನ್ಯಾಗ."